ಸಸ್ಯಗಂಧಕ್ಕೆ ಜೇನು ಹಿಂಜರಿಯುವುದೇ? – ಪರೀಕ್ಷಿಸಿ ತಿಳಿಯುವ ಬಗೆ

ಶ್ರೀಶೈಲ ಮಲ್ಲಿಕಾರ್ಜುನನ ಸನ್ನಿಧಿಯಲ್ಲಿ ನೆಲೆಸಿರುವ ತಾಯಿಯ ಹೆಸರು ಭ್ರಮರಾಂಬೆ. ಭ್ರಮರವೆಂದರೆ ದುಂಬಿ. ಅರುಣಾಸುರನನ್ನು ಸಂಹರಿಸಲು ದೇವಿಯು ದುಂಬಿಗಳ ದಂಡನ್ನೇ ಹೊರಡಿಸಿದಳೆಂಬ ಪುರಾಣಕಥೆಯನ್ನು ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ನಮ್ಮ ಸೀಮೆಯ ಭಕ್ತರೆಲ್ಲ ಬಲ್ಲರು. ಹೀಗೆ ತಾಯಿಯ ಹೆಸರಿನಲ್ಲಿಯೇ ಸ್ಥಾನ ಪಡೆದ ಈ ಕಿರುಜೀವಿಯ ಬಗೆಗೆ ನಮಗೆ ಭಕ್ತಿಯೂ ಉಂಟು, ಭಯವೂ ಉಂಟು. ಹೊಲದಲ್ಲಿ ಜೇನು ಬಂದರೆ ಕಾಳು ಗಟ್ಟಿಯಾಗುತ್ತದೆಂದು ಸಂತೋಷಪಡುವ ರೈತನೇ, ಜಾತ್ರೆಯಲ್ಲಿ ಹೆಜ್ಜೇನು ಎದ್ದಿತೆಂದರೆ ಮಕ್ಕಳನ್ನು ಎತ್ತಿಕೊಂಡು ಓಡುತ್ತಾನೆ.

ಈ ಭಯಕ್ಕೆ ಪರಿಹಾರವಾಗಿ ಮನೆಮನೆಗಳಲ್ಲಿ ಹಲವು ಮಾತುಗಳು ಬಳಕೆಯಲ್ಲಿವೆ. ಬೇವಿನೆಣ್ಣೆ ಸವರಿಕೊಂಡರೆ ಜೇನು ಹತ್ತಿರ ಸುಳಿಯುವುದಿಲ್ಲವೆಂದು ಒಬ್ಬರು, ಬೆಳ್ಳುಳ್ಳಿ ಜಜ್ಜಿ ಇಟ್ಟರೆ ಗೂಡು ಬಿಟ್ಟು ಹೋಗುತ್ತದೆಂದು ಇನ್ನೊಬ್ಬರು, ಲವಂಗ, ಕರ್ಪೂರ, ನಿಂಬೆಹುಲ್ಲಿನ ಎಣ್ಣೆ ಎಂದು ಮತ್ತೊಬ್ಬರು ಹೇಳುವರು. ಬೆಳೆಗೆ ಕೀಟನಾಶಕ ಸಿಂಪಡಿಸುವಾಗ ಜೇನು ಸಾಯದಂತೆ ಇಂಥದೇ ಸಸ್ಯಗಂಧವನ್ನು ಬೆರೆಸಿ ಅದನ್ನು ದೂರವಿಡಬಹುದೇ ಎಂದು ವಿಜ್ಞಾನಿಗಳೂ ಪರೀಕ್ಷೆ ನಡೆಸುತ್ತ ಬಂದಿದ್ದಾರೆ.

ಇಲ್ಲಿ ಎರಡು ಬೇರೆ ಬೇರೆ ಅಗತ್ಯಗಳಿವೆ. ರೈತನಿಗೆ ಬೇಕಾದುದು ಹೂವಿನಿಂದ ಜೇನನ್ನು ಕೆಲ ತಾಸು ದೂರವಿಡುವ ಗಂಧ. ಭಕ್ತನಿಗೆ ಬೇಕಾದುದು ಸಿಟ್ಟಿಗೆದ್ದ ಹಿಂಡಿನಿಂದ ಮೈಯನ್ನು ಕಾಯುವ ಗಂಧ. ಮೊದಲನೆಯದು ಒಂದು ಮಿತಿಯೊಳಗೆ ಸಾಧ್ಯವಿರುವ ಸಂಗತಿ. ಎರಡನೆಯದನ್ನು ನಂಬಿ ನಡೆಯುವುದು ಅಪಾಯಕ್ಕೆ ಆಹ್ವಾನ. ಈ ಭೇದವನ್ನು ಸ್ಪಷ್ಟಪಡಿಸುವುದೇ ಪ್ರಸ್ತುತ ಪಾಠದ ಉದ್ದೇಶ.

ನಮ್ಮ ಸೀಮೆ, ನಮ್ಮ ಜೇನು

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಒಂದೇ ಜಿಲ್ಲೆಯ ತಾಲೂಕುಗಳಾದರೂ ಬೆಳೆಯಲ್ಲಿ ಭಿನ್ನವಾಗಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರಿನ ಬಯಲು ಭತ್ತದ ಕಣಜ. ನೀರು ತಲುಪದ ಎರೆಭೂಮಿಯಲ್ಲಿ ತೊಗರಿ, ಜೋಳ, ಕಡಲೆ, ಸೂರ್ಯಕಾಂತಿ, ಹತ್ತಿ ಬೆಳೆಯುತ್ತವೆ. ಭತ್ತದ ಕಾಳು ಕಟ್ಟಲು ಜೇನಿನ ಹಂಗಿಲ್ಲ. ಅದು ತನ್ನ ಪರಾಗದಿಂದಲೇ ಫಲಿಸುವ ಬೆಳೆ. ಸೂರ್ಯಕಾಂತಿಯ ರೀತಿ ಬೇರೆ. ಅದರ ಒಂದು ತೆನೆಯೆಂದರೆ ನೂರಾರು ಸಣ್ಣ ಹೂಗಳ ಸಮೂಹ. ಅಂಚಿನಿಂದ ನಡುವಿಗೆ ಸಾಲುಸಾಲಾಗಿ, ಸುಮಾರು ಒಂದು ವಾರ ಕಾಲ ಅವು ಅರಳುತ್ತವೆ. ಪ್ರತಿ ಸಾಲಿಗೂ ಜೇನು ಪರಾಗವನ್ನು ಮುಟ್ಟಿಸಬೇಕು. ಮುಟ್ಟಿಸದಿದ್ದರೆ ಜೊಳ್ಳು ಹೆಚ್ಚುತ್ತದೆ. ತೊಗರಿಯ ಹಳದಿ ಹೂವಿಗೂ ಜೇನು ತಪ್ಪದೆ ಬರುತ್ತದೆ.

ನಮ್ಮಲ್ಲಿ ಕಾಣುವ ಜೇನು ಮುಖ್ಯವಾಗಿ ನಾಲ್ಕು ಬಗೆ. ಗಾತ್ರದಲ್ಲಿ ದೊಡ್ಡದು, ಬಯಲಲ್ಲಿ ಒಂದೇ ದೊಡ್ಡ ಹುಟ್ಟು ಕಟ್ಟುವುದು ಹೆಜ್ಜೇನು. ಪೊದೆಯ ಕಡ್ಡಿಗೆ ಅಂಗೈಯಗಲದ ಹುಟ್ಟು ಕಟ್ಟುವುದು ಕೋಲುಜೇನು. ಮರದ ಪೊಟರೆಯಲ್ಲಿ, ಪೆಟ್ಟಿಗೆಯಲ್ಲಿ ಹಲವು ಹುಟ್ಟು ಕಟ್ಟುವುದು ತುಡುವೆ. ಗೋಡೆಯ ಸಂದಿನಲ್ಲಿ ಮೇಣದ ಕೊಳವೆ ಮಾಡಿ ಬದುಕುವ, ಕುಟುಕದ ಕಿರುಜೇನು ನಸರಿ. ಇವುಗಳಲ್ಲಿ ಪ್ರಾಣಾಪಾಯ ತರುವಷ್ಟು ಉಗ್ರವಾದುದು ಹೆಜ್ಜೇನು ಮಾತ್ರ. ಅದರ ಹುಟ್ಟು ಒಂದು ಮೀಟರಿಗೂ ಮಿಕ್ಕಿ ಅಗಲವಾಗಬಲ್ಲದು. ಸಾವಿರಾರು ಹುಳಗಳು ಪದರಪದರವಾಗಿ ಅದನ್ನು ಹೊದ್ದುಕೊಂಡು ಕಾಯುತ್ತವೆ. ಬಂಡೆಯ ಚಾಚು, ಹಳೆಯ ಆಲದಮರ, ಕೋಟೆಯ ಬುರುಜು, ಎತ್ತರದ ನೀರಿನ ಟ್ಯಾಂಕು ಇದಕ್ಕೆ ಒಲಿದ ತಾಣಗಳು. ಮಸ್ಕಿಯ ಬೆಟ್ಟ, ಮುದಗಲ್ಲಿನ ಕೋಟೆ, ಕೃಷ್ಣೆಯ ನಡುವಿನ ಜಲದುರ್ಗಗಳಿರುವ ನಮ್ಮ ಸೀಮೆಯಲ್ಲಿ ಇಂಥ ತಾಣಗಳಿಗೆ ಕೊರತೆಯಿಲ್ಲ.

ಜೇನು ಗಂಧವನ್ನು ಅರಿಯುವ ಬಗೆ

ಜೇನಿಗೆ ಮೂಗಿಲ್ಲ. ತಲೆಯ ಮೇಲಿನ ಎರಡು ಕುಡಿಮೀಸೆಗಳೇ ಅದರ ಘ್ರಾಣೇಂದ್ರಿಯ. 2006ರಲ್ಲಿ ಜೇನಿನ ವಂಶವಾಹಿಗಳ ಪೂರ್ಣ ಪಾಠ ಪ್ರಕಟವಾದಾಗ, ಗಂಧ ಗ್ರಹಿಸುವ ಸುಮಾರು 170 ಬಗೆಯ ಗ್ರಾಹಕಗಳು ಅದರಲ್ಲಿ ಇರುವುದು ತಿಳಿದುಬಂದಿತು. ರುಚಿಗೆ ಸಂಬಂಧಿಸಿದವು ಕೇವಲ ಹತ್ತರಷ್ಟು. ಎಂದರೆ ಜೇನಿನ ಲೋಕವು ಬಹುಮಟ್ಟಿಗೆ ಗಂಧದ ಲೋಕವೇ ಸರಿ.

ಆಸ್ಟ್ರಿಯಾ ದೇಶದ ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ ಕಳೆದ ಶತಮಾನದ ಆರಂಭದಲ್ಲಿಯೇ ಇದನ್ನು ಸರಳ ಪ್ರಯೋಗಗಳಿಂದ ತೋರಿಸಿದನು. ಒಂದು ಗಂಧವಿರುವ ಡಬ್ಬಿಯಲ್ಲಿ ಸಕ್ಕರೆ ಪಾಕವನ್ನಿಟ್ಟು ಜೇನಿಗೆ ಅಭ್ಯಾಸ ಮಾಡಿಸಿದರೆ, ಬಳಿಕ ಹಲವು ಡಬ್ಬಿಗಳ ನಡುವೆ ಅದೇ ಗಂಧದ ಬರಿಯ ಡಬ್ಬಿಯನ್ನು ಅದು ಹುಡುಕಿಕೊಂಡು ಹೋಗುತ್ತದೆ. ಜೇನಿನ ಕುರಿತ ಇಂಥ ಸಾಧನೆಗಾಗಿ 1973ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಸಂದಿತು. ಈ ಪ್ರಯೋಗದಲ್ಲಿ ನಮಗೊಂದು ಎಚ್ಚರಿಕೆಯಿದೆ. ಜೇನು ಕಲಿಯುವ ಜೀವಿ. ಇಂದು ಹೊಸದೆಂದು ಹಿಂಜರಿದ ಗಂಧವಿರುವಲ್ಲಿ ಮಕರಂದ ಸಿಗುತ್ತದೆಂದು ನಾಲ್ಕಾರು ಬಾರಿ ಅನುಭವಕ್ಕೆ ಬಂದರೆ, ನಾಳೆ ಅದೇ ಗಂಧವನ್ನು ಅದು ಊಟದ ಕರೆಯೆಂದು ತಿಳಿಯಬಹುದು.

ಜೇನುಗಳು ತಮ್ಮ ದೇಹದಿಂದಲೂ ಗಂಧ ಹೊರಡಿಸಿ ಪರಸ್ಪರ ಮಾತನಾಡುತ್ತವೆ. ಅವುಗಳಲ್ಲಿ ಎರಡನ್ನು ನಾವು ಅವಶ್ಯವಾಗಿ ತಿಳಿದಿರಬೇಕು.

ಒಂದು, ಕರೆಯುವ ಗಂಧ. ಬೆನ್ನಿನ ಕೊನೆಯಲ್ಲಿರುವ ಗ್ರಂಥಿಯಿಂದ ಹೊರಡುವ ಇದು ದಾರಿ ತಪ್ಪಿದವರನ್ನು ಗೂಡಿಗೆ, ಹಿಂಡನ್ನು ಹೊಸ ನೆಲೆಗೆ ಕರೆಯುತ್ತದೆ. ಇದರ ಮುಖ್ಯ ಅಂಶಗಳು ಜೆರಾನಿಯಾಲ್ ಮತ್ತು ಸಿಟ್ರಾಲ್. ಇದೇ ಸಿಟ್ರಾಲ್ ನಿಂಬೆಹುಲ್ಲಿನ (ಮಜ್ಜಿಗೆ ಹುಲ್ಲಿನ) ಎಣ್ಣೆಯಲ್ಲಿ ಹೇರಳವಾಗಿದೆ. ಆದುದರಿಂದಲೇ ಹಾರಿಹೋಗುವ ಹಿಂಡನ್ನು ಖಾಲಿ ಪೆಟ್ಟಿಗೆಗೆ ಆಕರ್ಷಿಸಲು ಜೇನು ಸಾಕುವವರು ಈ ಎಣ್ಣೆಯ ಕೆಲವು ಹನಿಗಳನ್ನು ಬಳಸುವರು. ಸೊಳ್ಳೆಗೆ ಒಗ್ಗದ ಗಂಧ ಜೇನಿಗೂ ಒಗ್ಗದೆಂದು ಭಾವಿಸಿ ಇದನ್ನು ಮೈಗೆ ಸವರಿಕೊಂಡು ಜೇನಿರುವ ಮರದ ಕೆಳಗೆ ನಿಲ್ಲುವವರು ಈ ಮಾತನ್ನು ಮನನ ಮಾಡಬೇಕು.

ಎರಡು, ಎಚ್ಚರಿಸುವ ಗಂಧ. ಜೇನು ಕುಟುಕಿದೊಡನೆ ಮುಳ್ಳಿನ ಬುಡದಿಂದ ಇದು ಹರಡುತ್ತದೆ. ಇದರ ಮುಖ್ಯ ಅಂಶವಾದ ಐಸೋಪೆಂಟೈಲ್ ಅಸಿಟೇಟ್ ಎಂಬುದನ್ನು 1962ರಲ್ಲಿ ಗುರುತಿಸಲಾಯಿತು. ಮನುಷ್ಯನ ಮೂಗಿಗೆ ಅದು ಮಾಗಿದ ಬಾಳೆಹಣ್ಣಿನ ವಾಸನೆ. ಜೇನಿಗೆ ಯುದ್ಧದ ಕಹಳೆ. ಕುಟುಕಿದ ಜಾಗಕ್ಕೇ ಉಳಿದ ಹುಳಗಳು ಮುತ್ತುವುದು ಈ ಕಾರಣದಿಂದ. ಹೆಜ್ಜೇನಿನಲ್ಲಿ ಇದರ ಜೊತೆಗೆ ಬೇಗ ಆರದ ಇನ್ನೊಂದು ಅಂಶವೂ ಇರುವುದರಿಂದ ಅದರ ಬೆನ್ನಟ್ಟುವಿಕೆ ದೀರ್ಘವಾಗುತ್ತದೆ.

ಸಸ್ಯಗಂಧಗಳ ಶಕ್ತಿ ಮತ್ತು ಮಿತಿ

ಸಸ್ಯಗಳು ಗಂಧವನ್ನು ಸೃಷ್ಟಿಸುವುದು ಎರಡು ಕಾರ್ಯಗಳಿಗೆ. ಹೂವಿನ ಗಂಧ ಕರೆಯಲು. ಎಲೆ, ತೊಗಟೆ, ಬೀಜಗಳ ಗಂಧ ಬಹುಮಟ್ಟಿಗೆ ತಿನ್ನಲು ಬರುವ ಕೀಟಗಳನ್ನು ತಡೆಯಲು. ಬೆಳ್ಳುಳ್ಳಿಯ ಘಾಟು ಗಂಧಕಯುಕ್ತ ಪದಾರ್ಥಗಳಿಂದ ಬಂದುದು. ಲವಂಗದ ಖಾರಗಂಧ ಯೂಜೆನಾಲ್‌ನಿಂದ, ಓಮದ ಕಾಳಿನ (ಅಜವಾನದ) ಗಂಧ ಥೈಮಾಲ್‌ನಿಂದ. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಕೀಟಗಳ ಹಸಿವನ್ನು ಕುಂದಿಸಿ, ಮರಿಗಳ ಬೆಳವಣಿಗೆಯನ್ನು ತಡೆಯುತ್ತದೆ.

ಗಂಧವು ಜೇನನ್ನು ಸರಿಸಬಲ್ಲದೆಂಬುದು ಸುಳ್ಳಲ್ಲ. ಕಹಿಬಾದಾಮಿಯ ಗಂಧಕ್ಕೆ ಕಾರಣವಾದ ಬೆಂಜಾಲ್ಡಿಹೈಡ್ ಎಂಬ ಪದಾರ್ಥವನ್ನು ಬಟ್ಟೆಗೆ ಚಿಮುಕಿಸಿ ಪೆಟ್ಟಿಗೆಯ ಮೇಲಿಟ್ಟರೆ ಮೇಲಂತಸ್ತಿನ ಜೇನು ಕೆಳಗಿಳಿಯುತ್ತದೆ. ವಿದೇಶಗಳ ಜೇನುಸಾಕಣೆದಾರರು ತುಪ್ಪ ತೆಗೆಯುವಾಗ ಇದನ್ನು ಬಹುಕಾಲದಿಂದ ಬಳಸಿದ್ದಾರೆ. ಗೂಡಿನೊಳಗಿನ ನುಸಿಯ ನಿವಾರಣೆಗೆ ಥೈಮಾಲ್ ಬಳಸುವುದುಂಟು. ಬಿಸಿಲ ಕಾಲದಲ್ಲಿ ಅದರ ಪ್ರಮಾಣ ಮೀರಿದರೆ ಜೇನು ಗೂಡಿನಿಂದ ಹೊರಬಂದು ಕೂಡುತ್ತದೆ. ಆದರೆ ಇವೆರಡೂ ಮುಚ್ಚಿದ ಪೆಟ್ಟಿಗೆಯ ಮಾತು. ಬಯಲ ಹೊಲದಲ್ಲಿ, ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ, ಬೀಸುವ ಗಾಳಿಯಲ್ಲಿ ಹಾರುವ ಗುಣದ ಎಣ್ಣೆ ಎಷ್ಟು ತಾಸು ನಿಂತೀತು? ಈ ಪ್ರಶ್ನೆಗೆ ಉತ್ತರವನ್ನು ಊಹೆಯಿಂದ ಹೇಳಲಾಗದು. ಹೊಲದಲ್ಲಿಯೇ ಎಣಿಸಿ ನೋಡಬೇಕು.

ಪರೀಕ್ಷಿಸುವ ವಿಧಾನ

ವಿಶ್ವವಿದ್ಯಾಲಯದ ಪ್ರಯೋಗಶಾಲೆ ಇಲ್ಲದೆಯೂ ಸೂರ್ಯಕಾಂತಿಯ ಹೊಲವಿರುವ ರೈತನು ಈ ಪರೀಕ್ಷೆಯನ್ನು ಮಾಡಬಹುದು. ಕೀಟನಾಶಕ ಬೆರೆಸದೆ ಗಂಧವನ್ನು ಮಾತ್ರ ಪರೀಕ್ಷಿಸಬೇಕು. ಹೆಜ್ಜೇನಿನ ಹುಟ್ಟಿನ ಬಳಿ ಇದನ್ನು ಮಾಡಲೇಬಾರದು. ಹಿಂದೆ ಜೇನು ಕಡಿದು ಮೈಯೆಲ್ಲ ದದ್ದೆದ್ದವರು ಇದರಿಂದ ದೂರವಿರಬೇಕು. ಬೇವಿನೆಣ್ಣೆಯನ್ನು ಉದಾಹರಣೆಯಾಗಿಟ್ಟುಕೊಂಡು ಕ್ರಮವನ್ನು ವಿವರಿಸಲಾಗಿದೆ.

1. ಒಂದೇ ಹಂತದಲ್ಲಿ ಅರಳಿರುವ ತೆನೆಗಳನ್ನು ಆರಿಸಿ, ಐದೈದು ತೆನೆಗಳ 12 ಗುಂಪುಗಳನ್ನು ಗುರುತಿಸಬೇಕು. ಒಂದರ ಗಂಧ ಇನ್ನೊಂದಕ್ಕೆ ಹರಡದಂತೆ ಗುಂಪುಗಳ ನಡುವೆ ಹತ್ತು ಹದಿನೈದು ಹೆಜ್ಜೆಗಳ ಅಂತರವಿರಲಿ.

2. ನಾಲ್ಕು ಗುಂಪುಗಳಿಗೆ ಏನೂ ಸಿಂಪಡಿಸಬಾರದು. ನಾಲ್ಕಕ್ಕೆ ಬರಿಯ ಸಾಬೂನು ನೀರು. ಉಳಿದ ನಾಲ್ಕಕ್ಕೆ ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆಯನ್ನು ಅದೇ ಪ್ರಮಾಣದ ಸಾಬೂನಿನೊಡನೆ ಕದಡಿ ಸಿಂಪಡಿಸಬೇಕು. ಎಣ್ಣೆ ನೀರಿನಲ್ಲಿ ಬೆರೆಯಲು ಸಾಬೂನು ಬೇಕೇಬೇಕು. ಆದರೆ ಸಾಬೂನಿಗೇ ಜೇನು ಹಿಂಜರಿದರೆ ಅದರ ಕೀರ್ತಿ ಬೇವಿಗೆ ಸಲ್ಲಬಾರದು. ಬರಿಯ ಸಾಬೂನು ನೀರಿನ ಗುಂಪು ಇರುವುದು ಈ ಕಾರಣಕ್ಕಾಗಿ.

3. ಯಾವ ಗುಂಪಿಗೆ ಯಾವುದೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ನಮ್ಮ ಇಚ್ಛೆಯಂತೆ ಹಂಚಿದರೆ, ಒಡ್ಡಿನ ಬದಿಯ ಗುಂಪು, ನೆರಳಿನ ಗುಂಪು ಎಂಬ ಭೇದಗಳು ಅರಿವಿಲ್ಲದೆ ಲೆಕ್ಕದೊಳಗೆ ನುಸುಳುತ್ತವೆ.

4. ಸಿಂಪಡಿಸುವ ಹಿಂದಿನ ದಿನ ಮತ್ತು ಸಿಂಪಡಿಸಿದ ಬಳಿಕ 1 ತಾಸು, 3 ತಾಸು, 24 ತಾಸು, 48 ತಾಸುಗಳಿಗೆ ಪ್ರತಿ ಗುಂಪಿನ ಬಳಿ 5 ನಿಮಿಷ ನಿಂತು ಬಂದು ಕುಳಿತ ಜೇನುಗಳನ್ನು ಎಣಿಸಬೇಕು. ಸಾಧ್ಯವಾದರೆ ಸಿಂಪಡಿಸಿದವರು ಒಬ್ಬರಾಗಿ, ಎಣಿಸುವವರು ಇನ್ನೊಬ್ಬರಾಗಿರಬೇಕು. ಎಣಿಸುವವರಿಗೆ ಯಾವ ಗುಂಪಿಗೆ ಏನು ಸಿಂಪಡಿಸಿದೆಯೆಂದು ತಿಳಿಸಬಾರದು. ಆಗ ನಂಬಿಕೆ ಕಣ್ಣನ್ನು ಮೋಸಗೊಳಿಸದು.

5. ಹೋಲಿಕೆ ಯಾವಾಗಲೂ ಅದೇ ಹೊತ್ತಿನ ಇತರ ಗುಂಪುಗಳೊಡನೆ ಇರಬೇಕು. ಮುಂಜಾನೆ ತುಂಬಿ ಬರುವ ಜೇನು ಬಿಸಿಲು ಏರಿದಂತೆ ತಾನಾಗಿಯೇ ಕಡಿಮೆಯಾಗುತ್ತದೆ. ಮುಂಜಾನೆ ಸಿಂಪಡಿಸಿ ಮಧ್ಯಾಹ್ನ ನೋಡಿದವನಿಗೆ ಯಾವ ನೀರು ಸಿಂಪಡಿಸಿದರೂ ‘ಜೇನು ಓಡಿತು’ ಎಂದೇ ಕಾಣುವುದು. ಊರೂರಿನಲ್ಲಿ ಹರಡಿರುವ ಎಷ್ಟೋ ಮನೆಮದ್ದುಗಳ ಖ್ಯಾತಿಗೆ ಇಂಥ ಕಾಕತಾಳೀಯವೇ ಆಧಾರವಾಗಿರಬಹುದು.

6. ತೆನೆ ಬಲಿತ ಮೇಲೆ ಮೂರೂ ಬಗೆಯ ಗುಂಪುಗಳಿಂದ ಕಾಳು ಮತ್ತು ಜೊಳ್ಳನ್ನು ಬೇರ್ಪಡಿಸಿ ಎಣಿಸಬೇಕು. ಜೇನು ದೂರವಾದ ದಿನಗಳ ನಷ್ಟ ತೋರುವುದು ಇಲ್ಲಿ.

ಲೆಕ್ಕದ ಬಗೆಯನ್ನು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ಒಂದು ತಾಸಿನ ಬಳಿಕ ಏನೂ ಸಿಂಪಡಿಸದ ಗುಂಪಿನಲ್ಲಿ ಸರಾಸರಿ 24, ಸಾಬೂನು ನೀರಿನ ಗುಂಪಿನಲ್ಲಿ 18, ಬೇವಿನ ಗುಂಪಿನಲ್ಲಿ 9 ಜೇನುಗಳು ಬಂದವೆಂದಿಟ್ಟುಕೊಳ್ಳೋಣ. ಅವಸರದವನು 24ನ್ನು 9ರೊಡನೆ ಹೋಲಿಸಿ, ಬೇವು ಶೇ. 62ಕ್ಕೂ ಮಿಕ್ಕಿ ಜೇನನ್ನು ತಡೆಯಿತೆನ್ನುವನು. ವಿವೇಕಿಯು 18ನ್ನು 9ರೊಡನೆ ಹೋಲಿಸಿ, ಬೇವಿನ ಪಾಲು ಶೇ. 50 ಮಾತ್ರವೆನ್ನುವನು. ಮರುದಿನ ಅದೇ ಹೊತ್ತಿಗೆ ಮೂರೂ ಕಡೆ ಎಣಿಕೆ ಸಮವಾದರೆ, ಗಂಧದ ಕಾವಲು ಒಂದು ಹಗಲಿನಷ್ಟೇ ಎಂದು ಸಿದ್ಧವಾಗುತ್ತದೆ. ಒಂದು ಬಾರಿಯ ಫಲವನ್ನು ನಂಬದೆ ಬೇರೆ ದಿನ, ಬೇರೆ ಹೊಲದಲ್ಲಿ ಇದನ್ನು ಪುನಃ ಮಾಡಿ ನೋಡಬೇಕು. ಸಿಂಧನೂರಿನ ನೀರಾವರಿ ಬಯಲಿನ ತೇವದಲ್ಲಿ ಕಂಡ ಫಲ ಮಸ್ಕಿಯ ಒಣ ಎರೆಯಲ್ಲಿ ಕಾಣದೆ ಹೋಗಬಹುದು.

ಹೊಲಕ್ಕೆ ಸಂಬಂಧಿಸಿದ ಪಾಠ

ಗಂಧವು ಜೇನನ್ನು ಕೆಲವು ತಾಸು ತಡೆಯಿತೆಂದೇ ಇರಲಿ. ಅಷ್ಟರಿಂದ ಜೇನು ಉಳಿಯಿತೇ? ನಮ್ಮ ರೈತರ ಮಾತಿನಲ್ಲಿ ‘ಎಣ್ಣೆ ಹೊಡೆಯುವುದು’ ಎಂದರೆ ಕೀಟನಾಶಕ ಸಿಂಪಡಿಸುವುದು. ಇಮಿಡಾಕ್ಲೋಪ್ರಿಡ್, ಥಯಾಮೆಥೋಕ್ಸಾಮ್‌ನಂಥ ಕೀಟನಾಶಕಗಳು ಜೇನಿಗೆ ಅತ್ಯಂತ ವಿಷಕಾರಿ. ಇವೆರಡನ್ನೂ ಇದೇ ವರ್ಗದ ಕ್ಲೋಥಿಯಾನಿಡಿನ್ ಅನ್ನೂ ಬಯಲ ಬೆಳೆಗಳಿಗೆ ಬಳಸುವುದನ್ನು ಐರೋಪ್ಯ ಒಕ್ಕೂಟವು 2018ರಲ್ಲಿ ನಿಷೇಧಿಸಿತು. ಇಂಥ ವಿಷವು ಗಿಡದ ರಸದಲ್ಲಿ ಸೇರಿ ಪರಾಗ, ಮಕರಂದಗಳವರೆಗೂ ಹೋಗಬಲ್ಲದು, ದಿನಗಟ್ಟಲೆ ಉಳಿಯಬಲ್ಲದು. ಗಂಧ ಹಾರಿಹೋಗುತ್ತದೆ, ವಿಷ ಉಳಿಯುತ್ತದೆ. ಕಾವಲುಗಾರನು ಮನೆಗೆ ಹೋದ ಮೇಲೆ ಬಾಗಿಲು ತೆರೆದಿಟ್ಟಂತೆ ಇದು. ಇನ್ನೊಂದೆಡೆ, ಗಂಧವು ಬಹುದಿನ ನಿಂತು ಜೇನನ್ನು ಅಷ್ಟೂ ದಿನ ತಡೆದರೆ ಆ ದಿನಗಳಲ್ಲಿ ಅರಳಿದ ಸಾಲುಗಳು ಜೊಳ್ಳಾಗುತ್ತವೆ. ಜಗತ್ತಿನ ಹಲವೆಡೆ ದಶಕಗಳಿಂದ ಪರೀಕ್ಷೆಗಳು ನಡೆದಿದ್ದರೂ ಸಿಂಪಡಣೆಯ ವೇಳೆ ಜೇನನ್ನು ಕಾಯುವ ಗಂಧವು ರೈತರ ಸಾಮಾನ್ಯ ಬಳಕೆಗೆ ಬಾರದಿರುವುದಕ್ಕೆ ಈ ಇಕ್ಕಟ್ಟೇ ಒಂದು ದೊಡ್ಡ ಕಾರಣ.

ಆದುದರಿಂದ ಗಂಧವನ್ನು ಮೊದಲ ಉಪಾಯವೆಂದು ಎಣಿಸದೆ ಕೊನೆಯ ನೆರವೆಂದು ಎಣಿಸಬೇಕು. ಹೂವಿನ ಕಾಲದಲ್ಲಿ ಸಾಧ್ಯವಾದಷ್ಟೂ ಸಿಂಪಡಿಸಬಾರದು. ಅನಿವಾರ್ಯವಾದರೆ ಜೇನು ಗೂಡು ಸೇರಿದ ಸಂಜೆಯ ಹೊತ್ತಿನಲ್ಲಿ, ಜೇನಿಗೆ ಕಡಿಮೆ ಅಪಾಯದ ಔಷಧಿಯನ್ನು, ಹೇಳಿದ ಪ್ರಮಾಣದಲ್ಲಿಯೇ ಬಳಸಬೇಕು. ನಾಲ್ಕಾರು ಔಷಧಿಗಳನ್ನು ಒಂದೇ ಟ್ಯಾಂಕಿನಲ್ಲಿ ಬೆರೆಸಬಾರದು. ಹತ್ತಿರದಲ್ಲಿ ಜೇನುಪೆಟ್ಟಿಗೆ ಇಟ್ಟವರಿದ್ದರೆ ಅವರಿಗೆ ಹಿಂದಿನ ದಿನವೇ ತಿಳಿಸಬೇಕು. ಸಂದೇಹವಿದ್ದವರು ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರನ್ನು ಅಥವಾ ತಮ್ಮ ರೈತ ಸಂಪರ್ಕ ಕೇಂದ್ರವನ್ನು ಕೇಳಬಹುದು. ಬೇವು ಸಸ್ಯಜನ್ಯವೆಂಬ ಕಾರಣಕ್ಕೆ ಅದನ್ನೂ ಮಿತಿಮೀರಿ ಬಳಸಬಾರದು. ಗೂಡಿನೊಳಗೆ ಸೇರಿದರೆ ಜೇನಿನ ಮರಿಗಳಿಗೆ ಅದರಿಂದಲೂ ತೊಂದರೆಯುಂಟು.

ಜಾತ್ರೆಗೆ ಸಂಬಂಧಿಸಿದ ಪಾಠ

ಹೂವಿನ ಮೇಲಿರುವ ಜೇನು ಬೇರೆ, ಗೂಡಿನ ಮೇಲಿರುವ ಜೇನು ಬೇರೆ. ಹೂವಿಗೆ ಬಂದುದು ಆಹಾರಕ್ಕಾಗಿ ಬಂದುದು. ಅದಕ್ಕೆ ಒಂದು ಹೂ ಒಗ್ಗದಿದ್ದರೆ ಇನ್ನೊಂದು ಹೂವಿದೆ. ಗಂಧಕ್ಕೆ ಸರಿದು ಹೋಗುತ್ತದೆ. ಗೂಡನ್ನು ಕಾಯುವ ಜೇನಿಗೆ ಬೇರೆ ಗತಿಯಿಲ್ಲ. ಮರಿಗಳ ರಕ್ಷಣೆಗೆ ಅದು ಪ್ರಾಣವನ್ನೇ ಕೊಡುತ್ತದೆ. ಕುಟುಕಿದ ಜೇನು ತನ್ನ ಮುಳ್ಳನ್ನು ನಮ್ಮ ಮೈಯಲ್ಲಿ ಬಿಟ್ಟು ಸಾಯುತ್ತದೆ. ಎಚ್ಚರಿಸುವ ಗಂಧ ಒಮ್ಮೆ ಹರಡಿತೆಂದರೆ ನಮ್ಮ ಮೈಯ ಬೇವಿನೆಣ್ಣೆಯನ್ನು ಲೆಕ್ಕಿಸುವ ಜೇನು ಒಂದೂ ಇರುವುದಿಲ್ಲ. ಅಂಗಡಿಯಲ್ಲಿ ಸಿಗುವ ಸೊಳ್ಳೆನಿವಾರಕ ಲೇಪಗಳೂ ಕುಟುಕುವ ಜೇನನ್ನು ತಡೆಯುವುದಿಲ್ಲ. ಹೊಲದ ಪರೀಕ್ಷೆಯಲ್ಲಿ ಗೆದ್ದ ಗಂಧವನ್ನು ಹೆಜ್ಜೇನಿನ ಮರದ ಕೆಳಗೆ ಕವಚವೆಂದು ನಂಬಬಾರದೆನ್ನುವುದು ಈ ಕಾರಣದಿಂದ.

ಹೊಗೆಯ ಬಗೆಗೂ ಒಂದು ಮಾತು. ಹೊಗೆ ಜೇನಿನ ಕುಡಿಮೀಸೆಯನ್ನು ಮಂದಗೊಳಿಸಿ ಎಚ್ಚರಿಸುವ ಗಂಧವನ್ನು ಮರೆಸುತ್ತದೆ. ಜೇನು ತುಪ್ಪ ಹೀರಿಕೊಂಡು ಹೊರಡಲು ಸಿದ್ಧವಾಗುತ್ತದೆ. ಪರಂಪರೆಯಿಂದ ಜೇನು ಇಳಿಸುವವರು ಇರುಳಿನಲ್ಲಿ, ಹದವರಿತು ಇದನ್ನು ಬಳಸುವರು. ಹಾಡಹಗಲಿನಲ್ಲಿ ಜನಜಂಗುಳಿಯ ನಡುವೆ ಮೇಲೇಳುವ ಹೊಗೆ ಅದೇ ಕೆಲಸವನ್ನು ಮಾಡದು. ಹುಟ್ಟಿಗೆ ಬಿಸಿ ತಗುಲಿ ಹಿಂಡು ಕದಡುತ್ತದೆ.

ಬನದ ಹುಣ್ಣಿಮೆಯ ಹೊತ್ತಿಗೆ ಸಿಂಧನೂರು ತಾಲೂಕಿನ ಸಿದ್ಧಪರ್ವತದ ಅಂಬಾದೇವಿ ಜಾತ್ರೆಯಿಂದ ಮೊದಲ್ಗೊಂಡು, ಲಿಂಗಸುಗೂರು ತಾಲೂಕಿನ ಅಮರೇಶ್ವರ ಜಾತ್ರೆಯವರೆಗೆ ಸಾವಿರಾರು ಜನ ಕೂಡುವ ಉತ್ಸವಗಳು ನಮ್ಮಲ್ಲಿ ಬಹಳ. ಯಾವ ಊರಿನ ಜಾತ್ರೆಯಾಗಲಿ, ಗುಡಿಯ ಹಿರಿಯರು ಈ ಕೆಲವು ಕಾರ್ಯಗಳನ್ನು ಮುಂಚಿತವಾಗಿ ಮಾಡಬೇಕು. ತೇರು ಸಾಗುವ ದಾರಿಯ ಮರ, ಗೋಪುರ, ಟ್ಯಾಂಕುಗಳಲ್ಲಿ ಹೆಜ್ಜೇನಿನ ಹುಟ್ಟು ಇದೆಯೇ ಎಂದು ಹದಿನೈದು ದಿನ ಮೊದಲೇ ನೋಡಬೇಕು. ಇದ್ದಲ್ಲಿ ಹಗ್ಗ ಕಟ್ಟಿ ಜನರನ್ನು ದೂರವಿಡಬೇಕು. ಅದರ ಕೆಳಗೆ ಒಲೆ ಹೂಡಬಾರದು, ಮದ್ದು ಸುಡಬಾರದು, ಗುಗ್ಗಳದ ಕೊಡಗಳನ್ನು ನಿಲ್ಲಿಸಬಾರದು, ಧ್ವನಿವರ್ಧಕ ಕಟ್ಟಬಾರದು. ಹೆಜ್ಜೇನು ಬೆಳದಿಂಗಳಿನಲ್ಲಿಯೂ ಹಾರುವ ಜೀವಿಯಾದುದರಿಂದ ಇರುಳಿನಲ್ಲಿ ಹುಟ್ಟಿನ ಕಡೆಗೆ ಪ್ರಖರ ದೀಪ ಬಿಡಬಾರದು. ಸ್ಥಳಾಂತರಿಸಲೇಬೇಕಾದರೆ ಅನುಭವಿಗಳನ್ನು ಕರೆಸಬೇಕೇ ಹೊರತು ಬೆಂಕಿ ಹಚ್ಚಿಸಬಾರದು. ಕಲ್ಲೆಸೆಯುವ ಹುಡುಗರಿಗೆ ತಿಳಿಹೇಳುವುದೂ ಹಿರಿಯರದೇ ಕರ್ತವ್ಯ.

ಜೇನು ಕುಟುಕಿದಾಗ

ಹಿಂಡು ಎದ್ದಿತೆಂದರೆ ನಿಂತು ಕೈಬೀಸಬಾರದು. ಬಟ್ಟೆಯಿಂದ ಮುಖ, ಮೂಗು, ಕಿವಿಗಳನ್ನು ಮುಚ್ಚಿಕೊಂಡು ನೇರವಾಗಿ ಓಡಿ, ಬಾಗಿಲು ಮುಚ್ಚಬಹುದಾದ ಮನೆ ಅಥವಾ ವಾಹನವನ್ನು ಸೇರಬೇಕು. ನೀರಿಗೆ ಧುಮುಕುವುದರಿಂದ ಪ್ರಯೋಜನವಿಲ್ಲ. ತಲೆ ಎತ್ತುವವರೆಗೂ ಜೇನು ಮೇಲೆಯೇ ಸುತ್ತುತ್ತಿರುತ್ತದೆ.

ಮೈಯಲ್ಲಿ ಉಳಿದ ಮುಳ್ಳಿಗೆ ವಿಷದ ಚೀಲವೂ ಅಂಟಿಕೊಂಡಿರುತ್ತದೆ. ಅದು ಅರ್ಧ ನಿಮಿಷದೊಳಗೆ ಬಹುಪಾಲು ವಿಷವನ್ನು ಒಳಗೆ ಒತ್ತುತ್ತದೆ. ಆದುದರಿಂದ ಉಗುರಿನಿಂದಲೋ ಚಿಮುಟಿಗೆಯಿಂದಲೋ ಎಂಬ ಚರ್ಚೆಯಲ್ಲಿ ಹೊತ್ತು ಕಳೆಯದೆ, ಸುರಕ್ಷಿತ ಸ್ಥಳ ಸೇರಿದೊಡನೆ ಕೈಗೆ ಸಿಕ್ಕುದರಿಂದ ಕೆರೆದು ತೆಗೆಯಬೇಕು. ಬಳಿಕ ಸಾಬೂನು ನೀರಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಬೇಕು. ಉಂಗುರ, ಬಳೆಗಳನ್ನು ಬಾವು ಏರುವ ಮೊದಲೇ ತೆಗೆಯಬೇಕು. ಒಂದೆರಡು ಕಡಿತಕ್ಕೆ ಆ ಜಾಗದಲ್ಲಿ ಮಾತ್ರ ಉರಿ, ಬಾವು ಇದ್ದರೆ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಶಮನವಾಗುತ್ತದೆ.

ಎರಡು ಸಂದರ್ಭಗಳಲ್ಲಿ ಕ್ಷಣವೂ ತಡಮಾಡಬಾರದು. ಮೊದಲನೆಯದು ಅಲರ್ಜಿ. ಕೆಲವರಿಗೆ ಒಂದೇ ಕಡಿತಕ್ಕೆ ನಿಮಿಷಗಳಲ್ಲಿ ಮೈಯೆಲ್ಲ ದದ್ದು ಏಳುತ್ತದೆ, ತುಟಿ ನಾಲಿಗೆ ಊದುತ್ತವೆ, ಉಸಿರು ಕಟ್ಟುತ್ತದೆ, ವಾಂತಿಯಾಗುತ್ತದೆ, ತಲೆ ತಿರುಗಿ ಬೀಳುತ್ತಾರೆ. ಇದಕ್ಕೆ ಪ್ರಾಣ ಉಳಿಸುವ ಔಷಧಿ ಅಡ್ರಿನಲಿನ್ ಚುಚ್ಚುಮದ್ದು. ಸುಣ್ಣ ಹಚ್ಚುತ್ತ, ಮಂತ್ರಿಸುತ್ತ ಕೂಡದೆ 108ಕ್ಕೆ ಕರೆಮಾಡಿ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ರೋಗಿಯನ್ನು ಮಲಗಿಸಿ ಕಾಲನ್ನು ಎತ್ತರಿಸಬೇಕು. ಉಸಿರಾಟ ಕಷ್ಟವಾದರೆ ಕೂಡಿಸಬೇಕು. ಅವರು ರಕ್ತದೊತ್ತಡದ ಗುಳಿಗೆ ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು; ಕೆಲವು ಗುಳಿಗೆಗಳು ಅಡ್ರಿನಲಿನ್‌ನ ಪರಿಣಾಮವನ್ನು ಕುಂದಿಸುತ್ತವೆ.

ಎರಡನೆಯದು ಹತ್ತಾರು ಕಡಿತಗಳು. ಇಲ್ಲಿ ಅಲರ್ಜಿ ಇಲ್ಲದಿದ್ದರೂ ವಿಷದ ಮೊತ್ತವೇ ಅಪಾಯ. ಅದು ರಕ್ತಕಣಗಳನ್ನೂ ಸ್ನಾಯುಗಳನ್ನೂ ಒಡೆದು, ಅವುಗಳ ಶೇಷದಿಂದ ಮೂತ್ರಪಿಂಡವನ್ನು ಕೆಡಿಸುತ್ತದೆ. ಈ ತೊಂದರೆ ಕೆಲವೊಮ್ಮೆ ಒಂದೆರಡು ದಿನಗಳ ಬಳಿಕ ತೋರಿಕೊಳ್ಳುತ್ತದೆ. ಮೂತ್ರ ಕಡಿಮೆಯಾಗುವುದು, ಕೆಂಪು ಅಥವಾ ಚಹಾದ ಬಣ್ಣಕ್ಕೆ ತಿರುಗುವುದು ಇದರ ಲಕ್ಷಣ. ಆದುದರಿಂದ ‘ಈಗ ಆರಾಮಿದ್ದೇನೆ’ ಎಂದರೂ ಬಹಳ ಕಡೆ ಕಡಿಸಿಕೊಂಡವರನ್ನು, ವಿಶೇಷವಾಗಿ ಮಕ್ಕಳನ್ನೂ ವೃದ್ಧರನ್ನೂ, ಆಸ್ಪತ್ರೆಯಲ್ಲಿಟ್ಟು ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕು.

ಉಪಸಂಹಾರ

ಬಸವಾದಿ ಶರಣರು ನಮಗೆ ಎರಡು ದಾರಿಗಳನ್ನು ತೋರಿದರು. ಕೇಳಿದುದನ್ನು ಅರಿವಿನ ಒರೆಗಲ್ಲಿಗೆ ಹಚ್ಚಿ ಸ್ವೀಕರಿಸುವುದು ಒಂದು. ಸಕಲ ಜೀವಿಗಳಿಗೂ ಲೇಸನ್ನು ಬಯಸುವುದು ಇನ್ನೊಂದು. ಜೇನಿನ ವಿಷಯದಲ್ಲಿ ಇವೆರಡೂ ಒಂದಾಗಿ ಕೂಡುತ್ತವೆ. ಬೇವು, ಬೆಳ್ಳುಳ್ಳಿ, ಲವಂಗಗಳ ಬಗೆಗೆ ಹಿರಿಯರು ಹೇಳಿದ ಮಾತನ್ನು ಹಳಿಯಬೇಕಾಗಿಲ್ಲ, ಕುರುಡಾಗಿ ನಂಬಬೇಕಾಗಿಯೂ ಇಲ್ಲ. ಹನ್ನೆರಡು ಗುಂಪು ತೆನೆಗಳ ಮುಂದೆ ನಿಂತು ಎಣಿಸಿ ನೋಡಿದರೆ ಸಾಕು. ದಿನವಿಡೀ ಹೂವಿನಿಂದ ಹೂವಿಗೆ ಹಾರಿ ತಂದುದನ್ನು ತನಗೆಂದು ಇಟ್ಟುಕೊಳ್ಳದೆ ಗೂಡಿಗೆ ಅರ್ಪಿಸುವ ಜೇನಿನ ಬಾಳು ಕಾಯಕ ದಾಸೋಹಗಳಿಗೆ ದೂರದ್ದಲ್ಲ. ಈ ಹಂಗಾಮಿನಲ್ಲಿ ಹೊಲಕ್ಕೆ ಎಣ್ಣೆ ಹೊಡೆಯುವ ಭಕ್ತರು ಆ ಕಾಯಕಜೀವಿಗಾಗಿ ಸಂಜೆಯವರೆಗೆ ಕಾಯಲಿ. ಜಾತ್ರೆಯ ಸಿದ್ಧತೆಯಲ್ಲಿರುವ ಹಿರಿಯರು ತೇರಿನ ದಾರಿಯ ಮರಗಳನ್ನು ಒಮ್ಮೆ ತಲೆಯೆತ್ತಿ ನೋಡಲಿ. ಇಷ್ಟು ನಡೆದರೆ ಜೇನೂ ಉಳಿಯುವುದು, ಜನರೂ ಕ್ಷೇಮವಾಗಿರುವರು.